ಸೆನ್ಸರ್ ಬದಲಿಸಿದರೂ ಪಿ0122 ಕೋಡ್ ಮರಳುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು, ನನ್ನದು ಕೇಬಲ್ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ, ಆಕ್ಸಿಲರೇಟರ್ ಕೇಬಲ್ ಎಳೆದಾಗ ತೆರೆಯುವ ಕವಾಟ) ಇರುವ ಹಳೆಯ ಪೆಟ್ರೋಲ್ ಕಾರು. ಮಳೆಗಾಲ ಹಿಡಿದಂದಿನಿಂದ ಐಡ್ಲಿಂಗ್‌ನಲ್ಲಿ ಆರ್‌ಪಿಎಂ ಏರಿಳಿಯುತ್ತಿದೆ. ಸಂತೆಕಟ್ಟೆಯ ಬಳಿ ಹೆದ್ದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಕ್ಷಣಕಾಲ ತಡೆದು ಆಮೇಲೆ ಜಿಗಿಯುವುದರಿಂದ, ಹಿಂದೆ ಲಾರಿ ಬರುತ್ತಿರುವಾಗ ನಿಜಕ್ಕೂ ಭಯವಾಗುತ್ತದೆ. ಸ್ಕ್ಯಾನರ್ ತೋರಿಸುವುದು ಪಿ0122, ಅಂದರೆ ಥ್ರಾಟಲ್ ಎಷ್ಟು ತೆರೆದಿದೆ ಎಂದು ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರ್‌ನ ಸಿಗ್ನಲ್ ವೋಲ್ಟೇಜ್ ಕಡಿಮೆ ಎಂಬ ಕೋಡ್.

ಥ್ರಾಟಲ್ ಬಾಡಿ ಶುಚಿಗೊಳಿಸಿ, ಹೊಸ ಸೆನ್ಸರ್ ಹಾಕಿಸಿ ಕೋಡ್ ಅಳಿಸಿದರೂ, ಜೋರು ಮಳೆಯ ನಂತರ ಅದು ಮರಳುತ್ತದೆ. ಕನೆಕ್ಟರ್ ಕಳಚದೆ, ಇಗ್ನಿಷನ್ ಮಾತ್ರ ಆನ್ ಮಾಡಿ ಮಲ್ಟಿಮೀಟರ್‌ನಲ್ಲಿ ನೋಡಿದರೆ, ಹವೆ ಒಣಗಿರುವಾಗ ಸಿಗ್ನಲ್ ತಂತಿಯಲ್ಲಿ ಥ್ರಾಟಲ್ ಮುಚ್ಚಿದ್ದರೆ ಸುಮಾರು 0.5 ವೋಲ್ಟ್ ಇದ್ದು, ಪೂರ್ತಿ ತೆರೆಯುವಷ್ಟರಲ್ಲಿ ಎಲ್ಲೂ ತಡೆಯದೆ 4.5ಕ್ಕೆ ಏರುತ್ತದೆ. ದೋಷ ಕಾಣಿಸಿಕೊಂಡಾಗ ಮಾತ್ರ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸೆನ್ಸರ್‌ಗೆ ಕಳುಹಿಸುವ, 5 ವೋಲ್ಟ್ ಇರಬೇಕಾದ ರೆಫರೆನ್ಸ್ ತಂತಿಯಲ್ಲೇ 3ರ ಆಸುಪಾಸು ಬರುತ್ತದೆ. ಅರ್ಥಿಂಗ್ ಸರಿಯಿದೆ. ಈ ಕಾರಿನಲ್ಲಿ, ಎಂಜಿನ್ ಒಳಸೇರುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ಗೂ ಅದೇ 5 ವೋಲ್ಟ್ ಲೈನ್.

ಗೊಂದಲ ಇರುವುದು ಇಲ್ಲಿ: ಉಪ್ಪುಗಾಳಿಗೆ ವೈರಿಂಗ್ ಒಳಗೆ ತಾಮ್ರ ಹಸಿರುಗಟ್ಟಿದೆಯೋ, ಮ್ಯಾಪ್ ಸೆನ್ಸರ್ ಒದ್ದೆಯಾಗಿ ವೋಲ್ಟೇಜನ್ನು ಕೆಳಗೆಳೆಯುತ್ತಿದೆಯೋ, ಇಸಿಯುವೇ ಕೆಟ್ಟಿದೆಯೋ ತಿಳಿಯುತ್ತಿಲ್ಲ. ಮೆಕ್ಯಾನಿಕ್ ಇಸಿಯು ಬದಲಿಸೋಣ ಎನ್ನುತ್ತಿದ್ದಾರೆ. ಪರೀಕ್ಷೆ ಪೂರ್ತಿಯಾಗದೆ ಅಷ್ಟು ದುಬಾರಿ ಭಾಗಕ್ಕೆ ಕೈ ಹಾಕುವುದು ನನಗೆ ಸರಿಕಾಣುತ್ತಿಲ್ಲ. ಈ ಮೂರರಲ್ಲಿ ದೋಷ ಯಾವುದರದ್ದೆಂದು ಖಚಿತಪಡಿಸಿಕೊಳ್ಳಲು ಯಾವುದನ್ನು ಮೊದಲು ಕಳಚಿ, ಯಾವ ತುದಿಯಲ್ಲಿ ವೋಲ್ಟೇಜ್ ಅಳೆಯಬೇಕು?