‘ರೆಕಿಂಗ್ ಕ್ರೇನ್’, ‘ರಿಲೀವಿಂಗ್ ಬೋಗಿ’: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಮಕ್ಕಳಿಗಾಗಿ ಮಾದರಿ ರೈಲುಗಳ ಪ್ರದರ್ಶನ ಇಡುತ್ತಿದ್ದೇವೆ. ಪ್ರತಿ ಮಾದರಿಯ ಮುಂದೆ ಕನ್ನಡದ ಚೀಟಿ ಇರಬೇಕು. ಅಮೆರಿಕದ ಒಂದು ಮಾದರಿಯ ಹೆಸರು ‘ರೆಕಿಂಗ್ ಕ್ರೇನ್’. ಅದಕ್ಕೆ ‘ಧ್ವಂಸ ಕ್ರೇನ್’ ಅಂತ ಒಬ್ಬರು ಸೂಚಿಸಿದ್ದಾರೆ. ಇದು ಪೂರ್ತಿ ಉಲ್ಟಾ ಅರ್ಥ. ಹಳಿ ತಪ್ಪಿ ಬಿದ್ದ ಎಂಜಿನ್, ಬೋಗಿಗಳನ್ನು ಎತ್ತಿ ದಾರಿ ತೆರವು ಮಾಡುವ ಯಂತ್ರ ಇದು. ಅಲ್ಲಿನ ರೈಲಿನವರಿಗೆ ‘ರೆಕ್’ ಅಂದರೆ ಅಪಘಾತ. ಈ ಕ್ರೇನನ್ನೇ ಅವರು ‘ಬಿಗ್ ಹುಕ್’ ಅಂತಲೂ ಕರೆಯುತ್ತಾರೆ. ಇಂಗ್ಲೆಂಡಿನಲ್ಲಿ ‘ಬ್ರೇಕ್‌ಡೌನ್ ಕ್ರೇನ್’. ನಮ್ಮ ರೈಲ್ವೆಯಲ್ಲೂ ಅದೇ ಮಾತು; ಬಿಹಾರದ ಜಮಾಲ್ಪುರದ ರೈಲ್ವೆ ಕಾರ್ಖಾನೆಯಲ್ಲಿ 140 ಟನ್ ಎತ್ತುವಂಥವನ್ನು ಕಟ್ಟಿದ್ದಾರೆ. ಹಾಗಾಗಿ ‘ಬ್ರೇಕ್‌ಡೌನ್ ಕ್ರೇನ್’ ಅಂತಲೇ ಇಡೋಣ ಅನ್ನುವುದು ನನ್ನ ಮತ.

ಭಾಗಗಳ ಹೆಸರು ಸ್ವಲ್ಪ ಕಷ್ಟ. ಕೊಕ್ಕೆ ತೂಗುವ ಉದ್ದನೆಯ ತೋಳು ‘ಜಿಬ್’ಗೆ ‘ಚಾಚುತೋಳು’ ಸಾಕು. ಬದಿಗೆ ಚಾಚಿ, ಮರದ ದಿಮ್ಮಿ ಕೊಟ್ಟು ಊರುವ ‘ಔಟ್‌ರಿಗರ್’ಗೆ ‘ಊರುಗಾಲು’ ಚೆನ್ನಾಗಿ ಕೂರುತ್ತದೆ. ಹಿಂಬದಿಯ ಕಬ್ಬಿಣದ ತೂಕಕ್ಕೆ ‘ಎದುರುಭಾರ’ ಅನ್ನಬಹುದು. ಏತ ನೋಡಿದವರಿಗೆ ಅದರ ಕೆಲಸ ವಿವರಿಸಬೇಕಾಗಿಯೇ ಇಲ್ಲ.

ನಾನು ಸಿಕ್ಕಿಬಿದ್ದಿರುವುದು ‘ರಿಲೀವಿಂಗ್ ಬೋಗಿ’ಯಲ್ಲಿ. ಇಂಗ್ಲೆಂಡಿನ ಇಪ್ಸ್‌ವಿಚ್‌ನ ರಾನ್ಸಮ್ಸ್ ಅಂಡ್ ರೇಪಿಯರ್ ಕಂಪನಿಯ ವಿಲ್ಫ್ರೆಡ್ ಸ್ಟೋಕ್ಸ್ ಕಂಡುಹಿಡಿದದ್ದು. ಮೊದಲ ಮಹಾಯುದ್ಧದ ‘ಸ್ಟೋಕ್ಸ್ ಮಾರ್ಟರ್’ ಎಂಬ ಪುಟ್ಟ ಫಿರಂಗಿ ಕೂಡ ಅವರದೇ. ಕ್ರೇನ್ ವಿಪರೀತ ಭಾರ. ಅಷ್ಟೂ ಭಾರ ಕೆಲವೇ ಅಚ್ಚುಗಳ ಮೇಲೆ ಬಿದ್ದರೆ ಹಳಿ, ಸೇತುವೆ ತಡೆಯುವುದಿಲ್ಲ. ಅದಕ್ಕೇ ಮುಂದೆ ಹಿಂದೆ ಚಕ್ರಗಳಿರುವ ಒಂದೊಂದು ಗಾಡಿ ಸೇರಿಸಿ, ಭಾರದ ಒಂದು ಪಾಲನ್ನು ಅವಕ್ಕೆ ದಾಟಿಸುತ್ತಾರೆ. ಅಪಘಾತದ ಜಾಗ ತಲುಪಿದ ಮೇಲೆ ಬಿಚ್ಚಿ ಅತ್ತ ತಳ್ಳುತ್ತಾರೆ. ಆಗ ಕ್ರೇನ್ ಗಿಡ್ಡವಾಗಿ, ಬಿದ್ದ ಗಾಡಿಯ ಹತ್ತಿರಕ್ಕೇ ಹೋಗಬಹುದು. ನಮ್ಮಲ್ಲಿರುವ ಇನ್ನೊಂದು ಮಾದರಿಯಲ್ಲೂ ಈ ಗಾಡಿಗಳು ಬಿಚ್ಚಿ ಬರುತ್ತವೆ. ಬೆರಳುಗುರಿನಷ್ಟಿರುವ ಹಿಡಿ ತಿರುಗಿಸಿದರೆ ದಾರ ಸುತ್ತಿಕೊಂಡು ಕೊಕ್ಕೆ ಮೇಲೇರುತ್ತದೆ. ಮಕ್ಕಳು ಮೊದಲು ಕೈ ಹಾಕುವುದೇ ಇದಕ್ಕೆ.

ತೊಡಕು ಇರುವುದು ‘ಬೋಗಿ’ಯಲ್ಲಿ. ಎಂಜಿನಿಯರುಗಳಿಗೆ ಬೋಗಿ ಅಂದರೆ ಗಾಡಿಯಡಿಯ ಚಕ್ರಗಳ ಚೌಕಟ್ಟು. ನಮಗೆ, ನಾನೇ ಮೇಲೆ ಬಳಸಿದ ಹಾಗೆ, ಜನ ಕೂರುವ ಇಡೀ ಡಬ್ಬಿ. ‘ಭಾರ ಹಂಚುವ ಬೋಗಿ’ ಅಂದರೆ ಮಕ್ಕಳು ಡಬ್ಬಿಯನ್ನೇ ಹುಡುಕುತ್ತಾರೆ, ಅಲ್ವಾ? ‘ಹೊರೆಗಾಡಿ’ ಅಂದರೆ ಗೂಡ್ಸ್ ಅನ್ನಿಸುತ್ತದೆ. ಸದ್ಯಕ್ಕೆ ‘ಹೆಗಲುಗಾಡಿ’ ಅಂತ ಬರೆದಿಟ್ಟಿದ್ದೇನೆ. ಹೆಗಲು ಕೊಡುವುದೇ ತಾನೇ ಅದರ ಕೆಲಸ.

ಹರಿಹರ, ಚಿಕ್ಕಜಾಜೂರು ಕಡೆ ಹಳಿಯ ಮೇಲೆ ದುಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ: ಕೆಲಸದ ಜಾಗದಲ್ಲಿ ಈ ‘ರಿಲೀವಿಂಗ್ ಬೋಗಿ’ಯನ್ನು ಏನಂತ ಕರೆಯುತ್ತಿದ್ದಿರಿ?