ಮೊಣಕಾಲು ನೋವು, ಕಿರುಬೆರಳು ಜೋಮು: ಮಗನ ಎಂಟಿಬಿ ಸೈಕಲ್ (ಮೌಂಟನ್ ಬೈಕ್) ನನಗೆ ಹೊಂದಿಸಿಕೊಳ್ಳೋದು ಹೇಗೆ?

ನಾಲೆದಾರಿ ಟೀಚರ್, ಮೈಸೂರು

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತಮೂರು ವರ್ಷ, ಹೈಸ್ಕೂಲಲ್ಲಿ ಗಣಿತ ಹೇಳಿಕೊಡ್ತೀನಿ. ಮಗ ಇಂಜಿನಿಯರಿಂಗ್‌ಗೆ ಅಂತ ಊರು ಬಿಟ್ಟ ಮೇಲೆ ಅವನ ಎಂಟಿಬಿ ಪೋರ್ಟಿಕೋದಲ್ಲಿ ಧೂಳು ಹಿಡಿದು ನಿಂತಿತ್ತು. ಎರಡು ತಿಂಗಳಿಂದ ನಾನು ಓಡಿಸ್ತಿದ್ದೀನಿ. ಬೆಳಿಗ್ಗೆ ಐದೂವರೆಗೆ ಹೊರಟು ವರುಣಾ ನಾಲೆ ಪಕ್ಕದ ಮಣ್ಣು ದಾರಿಯಲ್ಲಿ ಹದಿನಾಲ್ಕು ಕಿಲೋಮೀಟರ್. ಮಜಾ ಬಂದಿದೆ, ಬಿಡೋ ಮನಸ್ಸಿಲ್ಲ.

ತೊಂದರೆ ಏನಂದ್ರೆ, ಎಂಟು ಕಿಲೋಮೀಟರ್ ಆಗ್ತಿದ್ದ ಹಾಗೆ ಬಲ ಮೊಣಕಾಲು ಮುಂಭಾಗದಲ್ಲಿ, ಚಿಪ್ಪಿನ ಸುತ್ತ ನೋಯೋಕೆ ಶುರು. ಕೂತ ಜಾಗವೂ ನೋವು. ಅದಕ್ಕೆ ಅಂತ ಜೆಲ್ ಕವರ್ ಹಾಕಿಸಿದೆ, ಸೀಟಿನ ಮೂತಿ ಸ್ವಲ್ಪ ಕೆಳಗೆ ಬಗ್ಗಿಸಿದೆ. ಈಗ ಹೊಸದೊಂದು ಸೇರಿಕೊಂಡಿದೆ: ಎರಡೂ ಕೈಯ ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯುತ್ತೆ. ಫಸ್ಟ್ ಪೀರಿಯಡ್‌ನಲ್ಲಿ ಚಾಕ್‌ಪೀಸ್ ಹಿಡಿದ್ರೆ ಕಿರುಬೆರಳು ನನ್ನದೇ ಅಲ್ಲವೇನೋ ಅನ್ನಿಸುತ್ತೆ.

ನಾನು ಐದಡಿ ನಾಲ್ಕಿಂಚು, 61 ಕೆಜಿ. ಮಗ ನನಗಿಂತ ಮೂರು ಇಂಚು ಎತ್ತರ. ಮೀಡಿಯಂ ಫ್ರೇಮು, 27.5 ಇಂಚಿನ ಚಕ್ರ. ನಿಲ್ಲಿಸಿದಾಗ ಕಾಲ್ಬೆರಳು ನೆಲಕ್ಕೆ ಸಿಗಲಿ ಅಂತ ಸೀಟು ಪೂರ್ತಿ ಇಳಿಸಿಕೊಂಡಿದ್ದೀನಿ. ಇದು ವಯಸ್ಸಿನ ನೋವಾ, ಸೈಕಲ್ಲಿನದಾ?

ಗೇರ್ ಹುಚ್ಚ, ಬೆಂಗಳೂರು

ಮೇಡಂ, ಬೇಜಾರು ಮಾಡ್ಕೋಬೇಡಿ, ಆ ಬೈಕು ನಿಮ್ಮ ಸೈಜಿಂದಲ್ಲ. ಮಾರಿಬಿಟ್ಟು ಸ್ಮಾಲ್ ಫ್ರೇಮ್ ತಗೊಳ್ಳಿ. ತಗೊಳ್ಳೋದೇ ಆದ್ರೆ ಡ್ರಾಪರ್ ಪೋಸ್ಟ್ ಇರೋದನ್ನೇ ತಗೊಳ್ಳಿ, ಬಟನ್ ಒತ್ತಿದ್ರೆ ಸೀಟು ಇಳಿಯುತ್ತೆ.

ಬಿಜಾಪುರ ಸವಾರ

ಟೀಚರ್ರ, ನಮಸ್ಕಾರ್ರೀ. ಮ್ಯಾಲಿನವರ ಮಾತು ಕೇಳಿ ಈಗ ರೊಕ್ಕ ಬಿಚ್ಚಬ್ಯಾಡ್ರಿ. ನಮ್ಮ ಕಡೆ ಸೈಕಲ್ ಅಂದ್ರ ಭಾಳ ಹುಚ್ಚು. ಸಣ್ಣಾಂವ ಇದ್ದಾಗ ನಾನೂ ರೇಸ್ ಹೊಡದೀನಿ. ಈಗ ಮಂದಿಗೆ ಸೀಟು ಏರಸೂದು ಇಳಸೂದು ಹೇಳಿಕೊಡೂದ ಕೆಲಸ ಆಗೇತಿ.

ನೀವು ಮೂರು ತ್ರಾಸ ಬರದೀರಿ, ನನಗ ಕಾಣೂದು ಒಂದ. ಸೀಟು ಕೆಳಗ ಐತಿ, ಅದಕ್ಕ ಮೊಣಕಾಲು ನೂಸಾಕತ್ತೈತಿ. ಸೀಟು ಕೆಳಗಿದ್ರ ಭಾರ ಕಾಲಿಗೆ ಹೋಗೂದಿಲ್ಲ, ಇಡೀ ಮೈ ಸೀಟಿನ ಮ್ಯಾಲ ಕುಂದರತೈತಿ, ಅದಕ್ಕ ಕೂತ ಜಾಗ ನೋವು. ನೋವಂತ ಮೂತಿ ಬಗ್ಗಿಸಿದ್ರಿ. ಮೂತಿ ಬಗ್ಗಿದ್ರ ಮೈ ಮುಂದ ಜಾರತೈತಿ, ಜಾರೂ ಮೈಯನ್ನ ಕೈ ತಡೀಬೇಕು. ಕಿರುಬಳ್ಳು ಜೋಮು ಹಿಡಿಯೂದು ಅಲ್ಲಿಂದ.

ಗಣಿತದ ಟೀಚರ್ ಅಂದ್ರೆಲ್ಲ, ಒಂದು ಲೆಕ್ಕ ಮಾಡ್ರಿ. ಬರಿಗಾಲಲೆ ಗ್ವಾಡಿಗೆ ಬೆನ್ನು ಹಚ್ಚಿ ನಿಂದರ್ರಿ. ದಪ್ಪಾನ ಪುಸ್ತಕ ಕಾಲ ನಡುವ ಇಟ್ಟು, ಸೀಟಿನ ಮ್ಯಾಲ ಕೂತಂಗ ಆಗೂತನ ಮ್ಯಾಲಕ್ಕ ಒತ್ತಿ ಹಿಡೀರಿ. ಪುಸ್ತಕದ ಮ್ಯಾಲಿನ ಅಂಚಿಗೆ ಗ್ವಾಡಿ ಮ್ಯಾಲ ಗೆರಿ ಹೊಡೀರಿ. ನೆಲದಿಂದ ಗೆರಿತನ ಬಂದದ್ದನ್ನ 0.883ರಿಂದ ಗುಣಸ್ರಿ. ಗ್ರೆಗ್ ಲೆಮಾಂಡ್ ಅಂತ ಅಮೆರಿಕಾದಾಂವ, 1986, 1989, 1990ರಾಗ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದಾಂವ, ಅವನ ಹೆಸರಿನ ಲೆಕ್ಕ ಇದು. ಪೆಡಲ್ ಕಾಲು ತಿರುಗೂ ಅಚ್ಚಿನ ನಟ್ಟನಡುವಿನಿಂದ ಸೀಟಿನ ತಲಿತನ ಅಷ್ಟು ಬರಬೇಕು. ಅದು ರೋಡ್ ಸೈಕಲ್ಲಿನ ಲೆಕ್ಕ, ಮಣ್ಣಿನ ದಾರಿಗೆ ಒಂದು ಸೆಂಟಿಮೀಟರ್ ಕಡಿಮಿ ಇಟ್ರೂ ನಡೀತೈತಿ. ಪರೀಕ್ಷೆ ಮಾಡಾಕ: ಹಿಮ್ಮಡಿ ಪೆಡಲ್ ಮ್ಯಾಲ ಇಟ್ಟು ಪೆಡಲ್ ಪೂರಾ ಕೆಳಗ ಬಂದಾಗ ಕಾಲು ನೆಟ್ಟಗಾಗಬೇಕು. ಓಡಸೂವಾಗ ಪಾದದ ಮುಂದಿನ ಉಬ್ಬು ಪೆಡಲ್ ಮ್ಯಾಲ ಬರತೈತಿ, ಆಗ ಮೊಣಕಾಲು ಸ್ವಲ್ಪ ಮಡಚತೈತಿ.

ಸೀಟು ಸಪಾಟ ಮಾಡ್ರಿ, ಜೆಲ್ ಕವರ್ ಕಿತ್ತು ಒಗೀರಿ. ಮೆತ್ತಗ ಇದ್ದಷ್ಟೂ ಎಲುಬು ಒಳಗ ಇಳಿದು, ಒತ್ತಬಾರದ ಜಾಗ ಒತ್ತತೈತಿ. ಇನ್ನೊಂದು, ಸೀಟ್ ಪೋಸ್ಟಿನ ಮ್ಯಾಲ ಗೆರಿ ಕೆತ್ತಿರತಾರ, ಆ ಗೆರಿ ಹೊರಗ ಕಾಣೂವಷ್ಟು ಎತ್ತಬ್ಯಾಡ್ರಿ.

ನಾಲೆದಾರಿ ಟೀಚರ್, ಮೈಸೂರು

ಲೆಕ್ಕ ಮಾಡಿದೆ ಸರ್. ಪುಸ್ತಕದ ಗೆರೆ 74 ಸೆಂ.ಮೀ. 0.883ರಿಂದ ಗುಣಿಸಿದ್ರೆ 65.34. ಟೇಪ್ ಹಿಡಿದು ನೋಡಿದ್ರೆ ಈಗಿರೋದು 56! ಒಂಬತ್ತು ಸೆಂಟಿಮೀಟರ್ ವ್ಯತ್ಯಾಸ, ಪರೀಕ್ಷೇಲಿ ಇಷ್ಟು ತಪ್ಪು ಮಾಡಿದ ಹುಡುಗನಿಗೆ ನಾನು ಸೊನ್ನೆ ಹಾಕ್ತಿದ್ದೆ.

ಆದ್ರೆ ಅಷ್ಟು ಎತ್ತರಿಸಿದ್ರೆ ಕಾಲು ನೆಲಕ್ಕೆ ಸಿಗೋದೇ ಇಲ್ವಲ್ಲ. ನಾಲೆ ಏರಿ ಮೇಲೆ ಹಸು ಅಡ್ಡ ಬಂದ್ರೆ ನಾನು ನೀರಿಗೇ.

ಬಿಜಾಪುರ ಸವಾರ

ಎಲ್ಲಾರೂ ಸೀಟು ಇಳಸೂದು ಇದ ಅಂಜಿಕಿಗೆ ನೋಡ್ರಿ. ಸೀಟಿನ ಮ್ಯಾಲ ಕೂತು ಕಾಲು ಊರೂದು ಬಿಡ್ರಿ. ನಿಲ್ಲಸೂವಾಗ ಬಲ ಪೆಡಲ್ ಕೆಳಗ ತಂದು ಅದರ ಮ್ಯಾಲ ಎದ್ದು ನಿಂದರ್ರಿ, ಬ್ರೇಕ್ ಹಿಡೀರಿ, ಸೀಟಿನಿಂದ ಮುಂದ ಜಾರಿ ಎಡಗಾಲು ನೆಲಕ್ಕ. ಸೀಟು ನಿಮ್ಮ ಬೆನ್ನ ಹಿಂದ ಉಳೀತೈತಿ, ನಡುವಿನ ಕಂಬಿ ಕಾಲ ನಡುವ. ಹೊರಡೂವಾಗ ಬಲ ಪೆಡಲ್ ಮ್ಯಾಲ ತಂದು ಒತ್ತಿ ಎದ್ದ ಮ್ಯಾಲ ಸೀಟಿಗೆ ಕೂಡ್ರಿ. ಮೈದಾನದಾಗ ಇಪ್ಪತ್ತು ಸಲ ಮಾಡ್ರಿ, ಕಾಲಿಗೆ ತಾನ ತಿಳೀತೈತಿ.

ಒಂಬತ್ತು ಒಮ್ಮೆಲೆ ಬ್ಯಾಡ. ದಿನಾ ಒಂದೂವರಿ, ಎರಡು. ಇಳಿಜಾರು ಬಂದ್ರ ನಾಕೈದು ಸೆಂಟಿಮೀಟರ್ ಕೆಳಗ ತರ್ರಿ, ಮೈ ಹಿಂದ ಸರಸಾಕ ಜಾಗ ಸಿಗತೈತಿ. ಡ್ರಾಪರ್ ಮಾಡೂದೂ ಅಷ್ಟ, ನಿಮ್ಮದು ಕೈಲೆ ಆಗತೈತಿ.

ಫಿಸಿಯೋ, ಶಿವಮೊಗ್ಗ

ಸವಾರ್ ಸರ್ ಹೇಳಿದ್ದು ಸರಿ ಇದೆ. ಸೀಟು ತಗ್ಗಿದ್ದರೆ ಪೆಡಲ್ ಮೇಲೆ ಬಂದಾಗ ಮೊಣಕಾಲು ತೀರಾ ಮಡಚಿಕೊಳ್ಳುತ್ತೆ, ಚಿಪ್ಪು ತೊಡೆ ಎಲುಬಿಗೆ ಒತ್ತಿಕೊಳ್ಳುತ್ತೆ. ಸಾಮಾನ್ಯವಾಗಿ ಮುಂಭಾಗ ನೋವು ಅಂದ್ರೆ ಸೀಟು ತಗ್ಗು, ಹಿಂಭಾಗ ನೋವು ಅಂದ್ರೆ ಎತ್ತರ. ಎತ್ತರ ಹೆಚ್ಚಾಯ್ತು ಅನ್ನೋದಕ್ಕೆ ಇನ್ನೊಂದು ಗುರುತು: ತುಳಿಯುವಾಗ ಸೊಂಟ ಎಡಕ್ಕೆ ಬಲಕ್ಕೆ ಓಲಾಡುತ್ತೆ. ಹಿಂದಿನಿಂದ ಯಾರಾದ್ರೂ ವಿಡಿಯೋ ಮಾಡಿದ್ರೆ ಗೊತ್ತಾಗುತ್ತೆ.

ಉಂಗುರ ಬೆರಳು, ಕಿರುಬೆರಳಿಗೆ ಬರೋ ಅಲ್ನರ್ ನರ ಅಂಗೈಯ ಹೊರ ಅಂಚಿನ ದಿಂಬಿನ ಹತ್ತಿರ ಹಾದುಹೋಗುತ್ತೆ, ಹ್ಯಾಂಡಲ್ ಒತ್ತೋದು ಅಲ್ಲೇ. ಮೊಣಕೈ ಸ್ವಲ್ಪ ಮಡಚಿ ಇಟ್ಟುಕೊಳ್ಳಿ. ಸರಿಪಡಿಸಿದ ಮೇಲೂ ಸ್ಕೂಲಿನ ಹೊತ್ತಿಗೆ ಜೋಮು ಉಳಿದರೆ, ಅಥವಾ ಹಿಡಿತ ಸಡಿಲ ಅನ್ನಿಸಿದರೆ, ಸೈಕಲ್ ನಿಲ್ಲಿಸಿ ಡಾಕ್ಟರ್ ನೋಡಿ.

ಅವಲಹಳ್ಳಿ ಧೂಳು, ಬೆಂಗಳೂರು

ಅಕ್ಕಾ, ಗಾಳಿ ಎಷ್ಟಿದೆ ನೋಡಿ. ಪಂಕ್ಚರ್ ಅಂಗಡೀಲಿ ಕಲ್ಲಿನ ಹಾಗೆ ತುಂಬಿರ್ತಾರೆ, ದಾರಿಯ ಪೆಟ್ಟೆಲ್ಲಾ ಕೈಗೇ ಬರುತ್ತೆ. ನಿಮ್ಮ ತೂಕಕ್ಕೆ, ಟ್ಯೂಬ್ ಇರೋ ಟೈರಿಗೆ, ಮುಂದೆ 28, ಹಿಂದೆ 32 ಪಿಎಸ್‌ಐಯಿಂದ (ಗಾಳಿ ಒತ್ತಡದ ಅಳತೆ) ಶುರು ಮಾಡಿ. ಬ್ರೇಕ್ ಲಿವರ್ ದೂರ ಇದ್ರೆ ಲಿವರ್ ಹತ್ತಿರ ಸಣ್ಣ ಸ್ಕ್ರೂ ಇರುತ್ತೆ, ತಿರುಗಿಸಿ ಹತ್ತಿರ ತಂದುಕೊಳ್ಳಿ. ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೇಲಿ ಬರೋ ಹಾಗೆ ಲಿವರ್ ಓರೆ ಮಾಡಿ. ಇಷ್ಟೆಲ್ಲಾ ಆದ ಮೇಲೂ ಹ್ಯಾಂಡಲ್ ದೂರ ಅನ್ನಿಸಿದ್ರೆ ಆಗ ಸ್ಟೆಮ್, ಅಂದ್ರೆ ಹ್ಯಾಂಡಲ್ಲನ್ನ ಸೈಕಲ್ಲಿಗೆ ಹಿಡಿದಿಡೋ ಗಿಡ್ಡ ತುಂಡು, 90 ಎಂಎಂ ಬದಲು 60ರದ್ದು ಹಾಕಿಸಿ. ಹ್ಯಾಂಡಲ್ ಹತ್ತಿರ ಬರಲಿ ಅಂತ ಸೀಟನ್ನ ಮುಂದಕ್ಕೆ ಎಳೀಬೇಡಿ, ಮೊಣಕಾಲಿಗೆ ಮತ್ತೆ ಕಷ್ಟ.

ನಾಲೆದಾರಿ ಟೀಚರ್, ಮೈಸೂರು

ಮೂರು ವಾರ ಆಯ್ತು, ವರದಿ ಒಪ್ಪಿಸ್ತೀನಿ. ಗಾಳಿ ನೋಡಿದ್ರೆ 58 ಇತ್ತು! ಇಳಿಸಿದ ದಿನವೇ ನಾಲೆ ದಾರಿ ಬೇರೆ ದಾರಿ ಅನ್ನಿಸ್ತು. ಸೀಟು 64ಕ್ಕೆ ಬಂದು ನಿಂತಿದೆ. 65 ಮಾಡಿ ನೋಡಿದೆ, ಪಕ್ಕದ ಮನೆ ಹುಡುಗಿ ತೆಗೆದ ವಿಡಿಯೋದಲ್ಲಿ ಸೊಂಟ ಓಲಾಡ್ತಿತ್ತು, ಒಂದು ಇಳಿಸಿದೆ. ಮೊಣಕಾಲು ಎಂಟನೇ ದಿನದಿಂದ ಸುಮ್ಮನಿದೆ. ಬೆರಳು ಹತ್ತು ಕಿಲೋಮೀಟರ್ ಆದ ಮೇಲೆ ಸ್ವಲ್ಪ ಚುರುಚುರು ಅನ್ನುತ್ತೆ, ಮನೆಗೆ ಬರೋ ಹೊತ್ತಿಗೆ ಹೋಗಿರುತ್ತೆ. ಸ್ಟೆಮ್ ಮುಂದಿನ ತಿಂಗಳ ಸಂಬಳಕ್ಕೆ.

ಬಿದ್ದಿದ್ದೂ ಆಯ್ತು. ನಾಲ್ಕನೇ ದಿನ ಗೇಟ್ ಹತ್ತಿರ ಹಳೇ ಅಭ್ಯಾಸಕ್ಕೆ ಸೀಟಲ್ಲೇ ಕೂತು ಕಾಲು ಚಾಚಿದೆ, ನೆಲ ಸಿಗಲಿಲ್ಲ. ಮೊಣಕೈ ತರಚಿತು. ಎಂಟನೇ ಕ್ಲಾಸಿನ ಮಕ್ಕಳಿಗೆ ನಿಜಾನೇ ಹೇಳಿದೆ, ಇಡೀ ಪೀರಿಯಡ್ ನಕ್ಕವು.

ದಸರಾ ರಜಕ್ಕೆ ಮಗ ಬಂದಿದ್ದ. ಸೈಕಲ್ ಹತ್ತಿ ಎರಡು ತುಳಿತ ತುಳಿದು ಇಳಿದು, "ನನ್ನ ಸೀಟು ಯಾರಮ್ಮಾ ಮುಟ್ಟಿದ್ದು?" ಅಂದ. ಸೀಟ್ ಪೋಸ್ಟ್ ಮೇಲೆ ನೇಲ್ ಪಾಲಿಷ್‌ನಲ್ಲಿ ಎಳೆದಿರೋ ಮೂರು ಗೆರೆ ತೋರಿಸಿದೆ: ಸೀಟು ಇಳಿಜಾರಿಗೆ ಇಳಿಸೋಕೆ ಒಂದು, ನನ್ನದೊಂದು, ಇನ್ನೂ ಎತ್ತರಕ್ಕೆ ಅವನದೊಂದು. ಪುಸ್ತಕ ಕೊಟ್ಟು ಗೋಡೆಗೆ ನಿಲ್ಲಿಸಿದಾಗ ತುಂಬಾ ಗೊಣಗಿದ.