ಸಹಾಯ ಬೇಕು: 7 ತಿಂಗಳ ಮಗುವಿಗೆ ಯಾವ ಮೀನಿಂದ ಶುರು ಮಾಡಲಿ?

ಮಗಳಿಗೆ ಮೊನ್ನೆ 7 ತಿಂಗಳು ತುಂಬಿತು. ರಾಗಿ ಸರಿ, ಬೇಳೆ ಕಟ್ಟು, ಬಾಳೆಹಣ್ಣು ಎಲ್ಲ ಆಯಿತು, ಈಗ ಮೀನು ಕೊಡೋಣ ಅಂತ. ನಾವಿರುವುದು ಉಡುಪಿಯಲ್ಲಿ, ಮಲ್ಪೆ ಹತ್ತಿರ, ಮೀನಿಗೇನೂ ಬರವಿಲ್ಲ, ಆದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆ ವರ್ಷ ತುಂಬಲಿ ಅನ್ನುತ್ತಾರೆ. ಡಾಕ್ಟರು ಈಗಲೇ ಕೊಡಿ, ತಡ ಮಾಡಿದರೆ ಅಲರ್ಜಿ ತಪ್ಪುತ್ತದೆ ಅಂತೇನೂ ಇಲ್ಲ, ಶಾರ್ಕ್‌ನಂಥ ದೊಡ್ಡ ಮೀನು ಮಾತ್ರ ಬೇಡ, ಪಾದರಸ ಜಾಸ್ತಿ ಅಂದರು.

ಬೂತಾಯಿ ಮೀನು (ಸಾರ್ಡೀನ್) ಒಳ್ಳೆಯದು, ಒಮೆಗಾ-3 ಇದೆ, ಪಾದರಸ ಕಡಿಮೆ, ನನಗೆ ಗೊತ್ತು. ಆದರೆ ಆ ಕೂದಲಿನಂಥ ಮುಳ್ಳು ನೆನೆಸಿಕೊಂಡರೇ ಕೈ ನಡುಗುತ್ತದೆ! ಅದಕ್ಕೇ ಕಾಣೆ ಮೀನನ್ನು ಹಬೆಯಲ್ಲಿ ಚೆನ್ನಾಗಿ ಬೇಯಿಸಿ, ಬೆರಳಲ್ಲಿ ಹಿಸುಕಿ ಎರಡು ಸಲ ಮುಳ್ಳು ನೋಡಿ, ಉಪ್ಪು ಖಾರ ಏನೂ ಹಾಕದೆ ಗಂಜಿಗೆ ಅರ್ಧ ಚಮಚ ಕಲಸೋಣ ಅಂತಿದ್ದೇನೆ. ಬೆಳಗ್ಗೆ ಹೊತ್ತೇ ಕೊಡುತ್ತೇನೆ, ದದ್ದು, ವಾಂತಿ ಏನಾದರೂ ಆದರೆ ತಕ್ಷಣ ಡಾಕ್ಟರ ಹತ್ತಿರ ಓಡಬಹುದು ಅಲ್ವಾ? ಗಂಡನಿಗೆ ಸಿಗಡಿ ಆಗುವುದಿಲ್ಲ (ಮೀನು ಮಾತ್ರ ತಟ್ಟೆ ತುಂಬ ಬೇಕು), ಅದೂ ಒಂದು ಭಯ.

ಕಾಣೆ ಸರಿಯಾ, ಮಾಂಜಿ (ಪಾಂಫ್ರೆಟ್) ವಾಸಿಯಾ? ವಾರಕ್ಕೆ ಎಷ್ಟು ಸಲ ಕೊಟ್ಟಿರಿ? ಜೂನ್, ಜುಲೈನಲ್ಲಿ ಟ್ರಾಲ್ ಬೋಟ್ ಕಡಲಿಗೆ ಇಳಿಯದಾಗ ಐಸ್‌ನಲ್ಲಿಟ್ಟ ಮೀನು ಮಗುವಿಗೆ ಕೊಟ್ಟವರು ಇದ್ದೀರಾ? ಮೀನು ತಿನ್ನಿಸಿ ಅನುಭವ ಇರುವ ಅಮ್ಮಂದಿರು ದಯವಿಟ್ಟು ಹೇಳಿ.